ನೂರರಲ್ಲೊಂದು ಸೆಕೆಂಡು

ಹಂಪನಕಟ್ಟೆ, ಎರಡನೇ ಮಾಳಿಗೆ, ಗಾಜಿನ ಕಪಾಟು.
ಅಂಗಡಿಯ ಪಡಿಯಾರರು ಪೆಟ್ಟಿಗೆ ಬಿಚ್ಚುತ್ತಲೇ ಶುರುಮಾಡಿದರು:
‘ಇದರ ಮೈಕ್ ನೋಡಿ, ಸ್ಟೀರಿಯೊ, ಪಿಸುಮಾತನ್ನೂ ಬಿಡುವುದಿಲ್ಲ.’
ಅಕ್ಕನ ಕಡೆ ತಿರುಗಿ ಕೈಯಲ್ಲಿ ಹೇಳಿದೆ.
ಚಂಚಲಕ್ಕ ನಕ್ಕಳು. ಪಡಿಯಾರರಿಗೆ ಆಗ ಗೊತ್ತಾಯಿತು.
‘ಮೈಕ್ ಬೇಡದವರಿಗೆ ಕ್ರಯ ಕಡಿಮೆ ಉಂಟಾ ಕೇಳು’
ಅಂದವು ಅವಳ ಬೆರಳು.
ಕೇಳಿದೆ. ಇಲ್ಲವಂತೆ.

ಅವಳು ಹುಡುಕುತ್ತಿದ್ದದ್ದೇ ಬೇರೆ.
ಒಂದೊಂದು ಕ್ಯಾಮ್‌ಕಾರ್ಡರಿನ ಮುಂದೂ ನಿಂತು
ಒಂದೇ ವಾಕ್ಯ ಆಡಿದಳು, ಬೇಗ ಬೇಗ, ಜಗಳಕ್ಕೆ ನಿಂತ ಹಾಗೆ:
ಮೊನ್ನೆ ಮಲ್ಪೆಯಲ್ಲಿ ಬಂಗುಡೆಗೆ ಇದ್ದ ಕ್ರಯ
ನಿನ್ನೆ ಇಲ್ಲ, ನಾಳೆಯದು ಕೇಳಬೇಡ.
ಪುಟ್ಟ ಪರದೆಯಲ್ಲಿ ತಿರುಗಿಸಿ ನೋಡಿದೆವು.
ಮೊದಲನೆಯದರಲ್ಲಿ ಬೆರಳೆಲ್ಲ ಕಲಸಿ ಗಂಜಿ,
ಬಂಗುಡೆ ಇತ್ತು, ಕ್ರಯ ಇರಲಿಲ್ಲ.
ಎರಡನೆಯದು ಜೂಮಿನಲ್ಲಿ ಶೂರ, ಸಂಜೆಯಾದರೆ ಕುರುಡ.
ಮೂರನೆಯದಕ್ಕೆ ಒಂದು ಸಣ್ಣ ಗುಂಡಿ:
ಶಟರ್, ನೂರರಲ್ಲೊಂದು ಸೆಕೆಂಡು.
ಐದು ಬೆರಳೂ ಐದಾಗಿಯೇ ಬಂದವು,
ಉಗುರಿನ ಸಂದಿಯ ದರ್ಜಿ ಚಾಕಿನ ನೀಲಿ ಸಮೇತ.
ಅದೇ ಆಯಿತು. ಇಪ್ಪತ್ತೆರಡು ಸಾವಿರ,
ಎರಡು ವರ್ಷ ರವಿಕೆ ಹೊಲಿದು ಚಿಟ್ ಫಂಡಿಗೆ ಕಟ್ಟಿದ್ದು.

ಕಂಪ್ಯೂಟರು ಕೂಡಿಸಿದವ ಉದ್ಯಾವರದ ಇರ್ಷಾದ್.
‘ಒಂದು ಗಂಟೆ ಟೇಪಿಗೆ ಹದಿಮೂರು ಜಿಬಿ ಬೇಕು ಮಾರಾಯ,
ಹಾರ್ಡ್ ಡಿಸ್ಕ್ ಎರಡು ಹಾಕುವ. ಫೈರ್‌ವೈರ್ ಕಾರ್ಡು ಬೇಕೇ ಬೇಕು.
ಕರೆಂಟಿನ ಭರವಸೆಯಿಲ್ಲ, ಯುಪಿಎಸ್ ಇರಲಿ.
ಮಾನಿಟರ್ ಹಳೆಯದು ಸಾಕು. ಸ್ಪೀಕರ್?’
ಸ್ಪೀಕರ್ ನನ್ನ ದುಡ್ಡಲ್ಲಿ ತಗೊಂಡೆ.
ನನಗೆ ಹಾಡಿನ ಚಟ.

ಟೇಪು ಹೋಗುವುದು ವಸಾಯಿಗೆ, ಫ್ಲೋಸಿ ಬಾಯಿಗೆ.
ಕಿವುಡು ಮಕ್ಕಳ ಶಾಲೆಯಲ್ಲಿ ಹತ್ತು ವರ್ಷ ಒಂದೇ ಬೆಂಚು.
ಕಾಗದ ಬರೆದರೆ ಆಗದಾ ಅಂತ ಒಮ್ಮೆ ಕೇಳಿದ್ದೆ.
‘ಒಂದು ತಿಂಗಳು ನಿನ್ನ ಹೆಂಡತಿಯ ಹತ್ತಿರ
ಚೀಟಿಯಲ್ಲಿ ಮಾತಾಡಿ ನೋಡು’ ಅಂದಿದ್ದಳು.

ಎಡಿಟಿಂಗ್ ನನ್ನ ಪಾಲಿಗೆ. ಮೊದಲ ದಿನವೇ ಬೈಸಿಕೊಂಡೆ.
ಕೈ ಮಡಿಲಲ್ಲಿ ಸುಮ್ಮನಿದ್ದ ಜಾಗಗಳನ್ನೆಲ್ಲ
ಖಾಲಿ ಎಂದು ಕತ್ತರಿಸಿದ್ದೆ.
‘ಅಲ್ಲಿ ನಾನು ಯೋಚಿಸುತ್ತಿದ್ದೆ. ಅದನ್ನೂ ಕಳಿಸು.’
ಇನ್ನೊಮ್ಮೆ, ಚಂದ ಕಾಣಲಿ ಅಂತ, ಹಿಂದೆ ಕೊಳಲು ಹಾಕಿದೆ.
ಚಿತ್ರದ ಅಡಿಯಲ್ಲಿ ಏಳುವ ಬೀಳುವ ಹಸಿರು ಗೆರೆ ತೋರಿಸಿ
‘ಇದೆಂಥ ಹುಲ್ಲು?’ ಅಂದಳು.
ಕಿತ್ತು ಹಾಕಿದೆ.

ಆಗಸ್ಟಿನಲ್ಲಿ ಫ್ಲೋಸಿಯ ಉತ್ತರ ಬಂತು.
ಪರದೆ ತುಂಬ ಅವಳ ಕೈ: ಮಗು ಎದ್ದು ನಿಂತಿತು.
ಇಲ್ಲಿಯ ಮೀನಿಗೆ ರುಚಿಯಿಲ್ಲ. ಕುತ್ತಿಗೆಯ ಅಳತೆ ಒಂದಿಂಚು ಬಿಡು.
ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ.
ಅವಳ ಬೆನ್ನ ಹಿಂದೆ, ಬಾಗಿಲಿನಾಚೆ
ಒಂದು ಹೆಂಗಸಿನ ಗಂಟಲು, ನನಗೂ ತಿಳಿಯುವ ಕೊಂಕಣಿಯಲ್ಲಿ,
ಅವಳನ್ನು, ಅವಳ ಅಪ್ಪನನ್ನು, ತಂದ ಚಿನ್ನವನ್ನು
ಹನ್ನೊಂದು ನಿಮಿಷ ಬಿಡದೆ ಬಯ್ಯುತ್ತಿತ್ತು.
ಅವರ ಕ್ಯಾಮೆರಾದ ಮೈಕೂ ಒಳ್ಳೆಯದೇ.
ಫ್ಲೋಸಿ ನಗುತ್ತಿದ್ದಳು. ನೋಡುತ್ತ ಅಕ್ಕನೂ ನಗುತ್ತಿದ್ದಳು.
ನಡುವೆ ಕಿವಿಯಿದ್ದವ ನಾನೊಬ್ಬ.

ಮೌಸಿನ ಬಾಣ ಹೋಗಿ ಹಸಿರು ಗೆರೆಯ ಮೇಲೆ ನಿಂತಿತು.
ಒಂದು ಸಲ ಒತ್ತಿದರೆ ಆಯಿತು,
ಹುಲ್ಲೇ ಇರುವುದಿಲ್ಲ.

ಅಕ್ಕ ಪರದೆ ಬಿಟ್ಟು ನನ್ನ ಮುಖ ನೋಡುತ್ತಿದ್ದಳು.
‘ಏನು ಕೇಳಿಸಿತು?’
‘ಕುಕ್ಕರ್’ ಅಂದೆ, ಕೈಯಲ್ಲಿ.
‘ಇನ್ನೊಮ್ಮೆ ಹೇಳು. ನಿನ್ನ ಬೆರಳು ಕಲಸಿಹೋಗಿದೆ.’

ನಾಲ್ಕು ಗಂಟೆಯ ಬಿಸಿಲು ಕಿಟಕಿಗೆ ಬಂದಿತ್ತು.
ಅವಳೇ ಟ್ರೈಪಾಡ್ ಎಳೆದಳು,
ಹೊಸ ಟೇಪಿನ ಪ್ಲಾಸ್ಟಿಕ್ಕನ್ನು ಹಲ್ಲಲ್ಲಿ ಕಚ್ಚಿ ಸುಲಿದಳು,
ಶಟರನ್ನು ನೂರಕ್ಕೆ ತಿರುಗಿಸಿದಳು.
ಯಾವತ್ತೂ ತಾನು ಕೂರುವ ಸ್ಟೂಲಿನ ಮೇಲೆ
ಇವತ್ತು ನನ್ನನ್ನು ಕೂರಿಸಿದಳು.