ಪಾಲು

ನಂಗಲಿ ಡೈರಿ. ಬೆಳಗಿನ ಆರು.
ಅಕ್ಕಯಮ್ಮ ಕ್ಯಾನಿಳಿಸಿ 'ಪಾಲು' ಅಂತಾಳೆ,
ನಾನು 'ಹಾಲು' ಅಂತ ಬರಕೊಳ್ತೀನಿ: ಮೂರೂವರೆ ಲೀಟರು.
ಲೆಕ್ಕ ತಪ್ಪಿಲ್ಲ ಇದುವರೆಗೆ.

ತುಟಿ ಕೂಡಿಸಲು ಬೇಸರವಾಗಿ
ಯಾವಾಗಲೋ ನಮ್ಮವರು ಪಕಾರ ಬಿಟ್ಟು
ಬರೀ ಉಸಿರಿಟ್ಟುಕೊಂಡರು.
ಸಮುದ್ರದಲ್ಲೂ ಹಾಗೇ:
ತುವಾಲುವಿನಲ್ಲಿ ಮನೆಗೆ 'ಫಲೆ',
ಹವಾಯಿಯಲ್ಲಿ ಅದೇ ಸೂರು 'ಹಲೆ'.
ಸಮೋವಾ, ಟೋಂಗಾ, ಮಾವೊರಿ, ದಾಯಾದಿಗಳೆಲ್ಲ
ಮಾತು ಹಂಚಿಕೊಂಡು ಬೇರೆಯಾದರು,
ನೀರನ್ನು ಮಾತ್ರ ಹಿಸ್ಸೆ ಮಾಡಲಿಲ್ಲ,
ಎಲ್ಲರಿಗೂ ಅದು 'ವಾಯ್'.
(ಕೆಜಿಎಫ್ ತಮಿಳರಿಗೆ ವಾಯ್ ಅಂದರೆ ಬಾಯಿ. ಇರಲಿ.)

ತುವಾಲಿನವರಿಗೆ ಒತ್ತೂ ಇದೆ, ನಮ್ಮ ಹಾಗೆ;
ಸಮೋವಾದವರಿಗಿಲ್ಲ.
ಅಕ್ಕಯಮ್ಮ, ನಿನ್ನ ಕ್ಕ, ನಿನ್ನ ಮ್ಮ
ಅಲ್ಲಿ ಯಾರಾದರೂ ಸರಿಯಾಗಿ ಕರೆದಾರು, ಅಂದೆ.

'ಎಷ್ಟು ಮಂದಿ?'
'ಹನ್ನೊಂದು ಸಾವಿರ.
ಎಂಟು ನಿಂತಿವೆ ಅಂತ ನಾಡಿನ ಹೆಸರು,
ಎಣಿಸಿದರೆ ದ್ವೀಪ ಒಂಬತ್ತು.'
'ನಿನ್ನ ಪುಸ್ತಕದ ಲೆಕ್ಕದಂಗೇ.'

ಆಮೇಲೆ, ಬಾಗಿಲಲ್ಲಿ ನಿಂತು:
'ಆಡ ಆವುಲುಂಡಾಯಾ?'
ಹಸುವಿನ ಸುದ್ದಿ ನಾನು ಓದಿದ್ದರಲ್ಲಿರಲಿಲ್ಲ.

'ಸುತ್ತ ಅಷ್ಟೊಂದು ನೀರು,
ಬೆರೆಸೋಕೆ ಪಾಲಿಲ್ಲ!'
ಖಾಲಿ ಕ್ಯಾನು ಸೊಂಟಕ್ಕಿಟ್ಟು ಹೋದಳು.