ಹಲಗೆ ಬರೆಯುವವನು

ಮಂಡಿಪೇಟೆಯ ಕಿರಾಣಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ
ದರದ ಹಲಗೆ ಬರೆದವನು ನಾನು.
ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನಿನ್ನೆಯನ್ನು ಒರೆಸಿ
ಆರುವ ಮುಂಚೆಯೇ ಇವತ್ತನ್ನು ಬರೆಯುತ್ತೇನೆ.
ನನ್ನ ಏಳರ ಸೊಟ್ಟ ಬಾಲ
ದಾವಣಗೆರೆಯ ಅರ್ಧ ಹೆಂಗಸರಿಗೆ ಗೊತ್ತು.

ಮೊನ್ನೆ ಒಂದೇ ದಿನ ಎರಡು ಭಾಷಣ.
ಹೊಂಡದ ಸರ್ಕಲ್ಲಿನಲ್ಲಿ ಒಬ್ಬರು:
ತೊಗರಿಬೇಳೆ ಕಿಲೋಗೆ ಇಪ್ಪತ್ತು ಇಳಿಸಿದ್ದೇವೆ.
ಹೈಸ್ಕೂಲ್ ಮೈದಾನದಲ್ಲಿ ಇನ್ನೊಬ್ಬರು:
ಅರವತ್ತು ಏರಿಸಿದ್ದಾರೆ, ಬಡವರ ಸಾರು ನೀರಾಗಿದೆ.
ಎರಡು ಮೈಕೂ ಗಾಳಿಯಲ್ಲಿ ಕಲೆತು
ನಮ್ಮ ಶಟರಿಗೆ ಬಂದು ಬಡಿದವು.

ಹಳೇ ದರದ ಪುಸ್ತಕ ತೆಗೆದು ನೋಡಿದೆ.
ದೀಪಾವಳಿಯಿಂದ ಎಣಿಸಿದರೆ ಇಪ್ಪತ್ತು ಇಳಿದಿದೆ, ನಿಜ.
ಐದು ವರ್ಷದ ಹಿಂದಿನ ಯುಗಾದಿಯಿಂದ ಎಣಿಸಿದರೆ
ಅರವತ್ತು ಏರಿದೆ, ಅದೂ ನಿಜ.
ಇಬ್ಬರೂ ಸುಳ್ಳು ಹೇಳಿಲ್ಲ ಎಂದು ಗೊತ್ತಾದಾಗ
ನನಗೆ ಯಾಕೋ ಸಿಟ್ಟು ಬಂತು.
ಸುಳ್ಳಾಗಿದ್ದರೆ ಬೇಳೆಯೊಳಗಿನ ಕಲ್ಲಿನ ಹಾಗೆ
ಮೊರದಲ್ಲಿ ಕೇರಿ ಎತ್ತಿ ಬಿಸಾಡಬಹುದಿತ್ತು.
ಇದಕ್ಕೆ ಬೇಳೆಯದೇ ಬಣ್ಣ, ಬೇಳೆಯದೇ ತೂಕ.

ನಿನ್ನೆ ಮಧ್ಯಾಹ್ನ ಹಾಲೇಶ ಬಂದು
ಒಂದು ಪುಟದ ಫೋಟೊ ಹೊಡೆದುಕೊಂಡ.
"ಹಿಂದಿನ ವರ್ಷದ್ದೂ ನೋಡಪ್ಪ" ಅಂದೆ.
"ಬ್ಯಾಡ ಬಿಡು ಕಾಕಾ, ಇದೊಂದು ಸಾಕು."
ಅವನು ಹೋದ ಮೇಲೆ ಮುರುಗೇಶ. ಬೇರೆ ಪಕ್ಷ.
ಅವನಿಗೆ ಆ ಹಿಂದಿನದೇ ಬೇಕಿತ್ತು, ಅದೊಂದೇ.

ಆಮೇಲೆ ಮಿರ್ಚಿ ಗಾಡಿಯ ಕೊಟ್ರಮ್ಮ, ಎಣ್ಣೆಗೆ.
"ಇಳದೈತಂತಲ್ಲ, ಟೀವ್ಯಾಗೆ ಹೇಳಿದ್ರು?"
ಪ್ಯಾಕೆಟ್ಟನ್ನು ಅಂಗೈಯಲ್ಲಿ ಎರಡು ಸಲ ಕುಣಿಸಿ
"ಇಳದೈತೆ ಬಿಡು, ಒಳಗಿನ ಎಣ್ಣೆ" ಅಂದಳು.
ಒಂಬೈನೂರ ಹತ್ತು ಗ್ರಾಂ ಇದ್ದದ್ದು ಎಂಟುನೂರು,
ಸಾಸಿವೆ ಗಾತ್ರದ ಅಕ್ಷರದಲ್ಲಿ, ಮಡಿಕೆಯ ಕೆಳಗೆ.
ನನ್ನ ಹಲಗೆಯ ಮೇಲೆ: ಎಣ್ಣೆ, ಪ್ಯಾಕೆಟ್ಟಿಗೆ ಇಷ್ಟು.
ಗ್ರಾಂ ಬರೆಯಬೇಡ ಅಂತ ಶೆಟ್ಟರೇನೂ ಹೇಳಿರಲಿಲ್ಲ.
ನಾನೇ ಬರೆದಿರಲಿಲ್ಲ.

ಹೋಗುವಾಗ ರಟ್ಟಿನ ತುಂಡೊಂದನ್ನು ಮುಂದಿಟ್ಟಳು.
"ನಂಗೆ ಬರಿಯಾಕೆ ಬರಲ್ಲ, ನೀ ಬರಿ:
ರೇಟು ಅದೇ. ಮೆಣಸಿನಕಾಯಿ ಸಣ್ಣದು."
"ಹಿಂಗಂತ ಬರದ್ರೆ ಯಾರು ಬರ್ತಾರೆ ಮಾರಾಯ್ತಿ?"
"ತಿನ್ನೋರ ಬೆರಳಿಗೆ ಗೊತ್ತಾಗಲ್ವಾ?
ನಾನೇ ಹೇಳಿಬಿಟ್ರೆ ಅಲ್ಲಿಗೆ ಮುಗೀತು."

ರಾತ್ರಿ ಆ ಗಾಡಿಯ ಮುಂದೆ ಹಾಲೇಶ, ಮುರುಗೇಶ
ಒಂದೇ ಪೇಪರಿನಲ್ಲಿ ಮಂಡಕ್ಕಿ ಹಂಚಿಕೊಂಡು ನಿಂತಿದ್ದರು.
ರಟ್ಟು ಓದಿದರು, ನಕ್ಕರು,
ಇನ್ನೆರಡು ಮಿರ್ಚಿ ಹಾಕಿಸಿಕೊಂಡರು.

ಈಗ ಬೆಳಿಗ್ಗೆ. ಒದ್ದೆ ಹಲಗೆ.
ಎಣ್ಣೆ ಅಂತ ಬರೆದೆ, ದರ ಬರೆದೆ,
ಪಕ್ಕದಲ್ಲಿ ಎಂಟು ಬರೆದು
ಸೊನ್ನೆ ಸುತ್ತಲು ಸೀಮೆಸುಣ್ಣ ಎತ್ತಿದಾಗ
ಗಲ್ಲಾದಿಂದ ಶೆಟ್ಟರು ಕೆಮ್ಮಿದರು.
ಧೂಳಿಗೋ ಏನೋ.
ಈ ಬೀದಿಯಲ್ಲಿ ಮೊದಲೇ ಮೆಣಸಿನಕಾಯಿ ಘಾಟು ಜಾಸ್ತಿ.