ಮುಂದು ಯಾವುದು

ಮೊದಲ ಚೌಕಟ್ಟನ್ನು ಬೀಟೆಯಲ್ಲೇ ಕೊಯ್ದೆ.
ಮಂಡಿ ಮೊಹಲ್ಲಾದ ಈ ಕೆತ್ತನೆ ಕೋಣೆಯಲ್ಲಿ ಬೇರೇನು ಸಿಗುತ್ತದೆ?
ಅಪ್ಪ ಅಂಗೈಯಲ್ಲಿ ತೂಗಿ ನೋಡಿ
ಮೆಲ್ಲಗೆ ಕೆಳಗಿಟ್ಟರು.
"ಇದು ಬಾಗಿಲಾಗಬೋದು ಫಿಲೋ,
ಹಾರೋ ಜಾತಿ ಅಲ್ಲ."

ಬಂಬೂ ಬಜಾರಿನಲ್ಲಿ ಏಣಿ ಕಟ್ಟುವ ದೊಡ್ಡತಾಯಮ್ಮ
ತುಂಡು ಬಿದಿರಿಗೆ ದುಡ್ಡು ಮುಟ್ಟಲಿಲ್ಲ.
"ಏಣಿಗಾಗದೆ ಉಳಿದದ್ದು ಕಣವ್ವ,
ನೀನೇ ಮೇಲಕ್ಕೆ ಹತ್ತಿಸ್ತೀಯಾದ್ರೆ ಹತ್ತಿಸ್ಕೊ."

ಹಗಲೆಲ್ಲ ಪಾಲಿಶ್ ಉಜ್ಜಿದ ಬೆರಳು
ರಾತ್ರಿ ಸಾಲ್ಡರಿಂಗ್ ಕಡ್ಡಿ ಹಿಡಿದು ನಡುಗುತ್ತದೆ.
ಅರಗಿನ ವಾಸನೆಯ ಮೇಲೆ ರಾಳದ ಹೊಗೆ.
ಬ್ಯಾಟರಿಗೆ ಚಾರ್ಜು ಮಣ್ಣಿನ ಕುಡಿಕೆಯೊಳಗೆ:
ಸುತ್ತ ಮರದ ಹೊಟ್ಟು, ಒಂದು ಕಿಡಿ ಸಾಕು.

ನಾಲ್ಕು ಮೋಟಾರು, ಒಂದೊಂದಕ್ಕೆ ಮೂರು ತಂತಿ.
ಎರಡು ಗಡಿಯಾರದ ಹಾಗೆ ತಿರುಗಬೇಕು,
ಎರಡು ಅದಕ್ಕೆ ಎದುರಾಗಿ.
ಯಾಕೆ, ಅಂದರು ಅಪ್ಪ.
ಎಲ್ಲ ಒಂದೇ ಕಡೆ ತಿರುಗಿದರೆ
ಇಡೀ ಗಾಡಿಯೇ ಬುಗುರಿಯಾಗುತ್ತೆ, ಅಂದೆ.
"ನಿಮ್ಮಮ್ಮ ಇರೋತನಕ ಈ ಮನೆನೂ ಹಂಗೇ ನಿಂತಿತ್ತು"
ಅಂದು ಗರಗಸಕ್ಕೆ ಎಣ್ಣೆ ಬಿಟ್ಟರು.

ಮೊದಲ ಸಲ ಏಳಲಿಲ್ಲ, ಮಗುಚಿತು.
ಒಂದು ಮೋಟಾರು ತಿರುವುಮುರುವು,
ಒಂದು ತೋಳು ಎರಡು ತುಂಡು.
ಎರಡು ತಂತಿ ಅದಲುಬದಲು ಮಾಡಿದೆ, ಅಷ್ಟೇ ಔಷಧಿ.
ತೋಳಿಗೆ ಅಪ್ಪನೇ ಓರೆ ಸೀಳು ಹಾಕಿ
ಅಂಟು ಬಿಟ್ಟು ದಾರ ಬಿಗಿದರು,
ಕುರ್ಚಿ ಕಾಲಿಗೆ ಮಾಡುವಂತೆ, ಏನೂ ಕೇಳದೆ.

ಎರಡನೆಯ ಸಲ
ಬೆಂಚಿನ ಪಕ್ಕ ನೆಲ ಬಿಟ್ಟಿತು. ಒಂದು ಗೇಣು.
ಅಷ್ಟಕ್ಕೇ ಮೂವತ್ತು ವರ್ಷದ ಹೊಟ್ಟು ಮೇಲೆದ್ದು,
ಬೀಟೆಯ ಕಪ್ಪು, ಹಲಸಿನ ಹಳದಿ,
ಕೆಮ್ಮುತ್ತಾ ಸ್ವಿಚ್ಚು ಹುಡುಕಿದೆವು.
ಅದು ಇಳಿದ ಮೇಲೆ
ಬೋಳಾದ ಸಿಮೆಂಟಿನ ಮೇಲೆ ಒಂದು ಬಿಳಿ ಚೂರು,
ಅಕ್ಕಿಕಾಳಿಗಿಂತ ತುಸು ಉದ್ದ.
"ಆನೆ ದಂತ," ಅಂದರು. ಪ್ಲಾಸ್ಟಿಕ್ಕಿನದ್ದೇ.
"ನೀನಿನ್ನೂ ತೊಟ್ಟಿಲಲ್ಲಿದ್ದೆ. ದಸರೆಗೆ ಒಂದು ಪಟ ಕೊಡಬೇಕಿತ್ತು.
ಇದು ಜಾರಿತು. ಕರೆಂಟಿಲ್ಲ. ಬೈಕೊಂಡು ಇನ್ನೊಂದು ಕೊಯ್ದೆ."
ಜೇಬಿಗೆ ಹಾಕಿಕೊಂಡರು.

ಭಾನುವಾರ ಪೂಜೆ ಮುಗಿಸಿ ಬನ್ನಿಮಂಟಪದ ಕಡೆ ಹೋದೆವು.
ಅರಮನೆ ಹತ್ತಿರ ಬಿಡೋ ಹಾಗಿಲ್ಲ.
ತೆಂಗಿನೆತ್ತರಕ್ಕೆ ಹೋದದ್ದೇ ನಾಲ್ಕೂ ತೋಳು ಒಂದೇ ಥರ,
ಮುಂದು ಯಾವುದು ಹಿಂದು ಯಾವುದು?
ಆಚೆ ತಳ್ಳಿದರೆ ನನ್ನ ಮೇಲೇ ಬಂತು. ಹೇಗೋ ಹುಲ್ಲಿಗೆ ಕೆಡವಿದೆ.

ಆ ರಾತ್ರಿ ನಾನು ಮಲಗಿದ ಮೇಲೆ
ಮುಂದಿನ ಬಿದಿರಿನಲ್ಲಿ ಉಳಿಯಿಂದ ಗುಳಿ ತೋಡಿ
ಅಪ್ಪ ದಂತ ಕೂರಿಸಿದ್ದಾರೆ. ಉಗುರಿಗೂ ಅಂಚು ಸಿಗದ ಹಾಗೆ.

ಮತ್ತೆ ಭಾನುವಾರ. ಹಣೆಗೆ ಕೈ ಅಡ್ಡ ಹಿಡಿದು
"ಕಾಣ್ತಾ ಇದೆಯಾ?" ಅಂದರು.
ಅಷ್ಟು ಎತ್ತರದಲ್ಲಿ ಎಲ್ಲಿಯ ದಂತ,
ಕಾಗೆಗೂ ಅದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.
ಕಾಣ್ತಿದೆ ಅಪ್ಪಾ, ಅಂದೆ.
ಬ್ಯಾಟರಿ ಕೀಚುಗುಟ್ಟಿತು. ನಾಲ್ಕು ನಿಮಿಷ ಆಗಿತ್ತು.
ಇಳಿಸತೊಡಗಿದೆ.